ನಿಂತರೆ ಮತ್ತೆ ಎಲ್ಲಿಂದ ಶುರು ಮಾಡಬೇಕು?

ನನ್ನ ಪಿಯಾನೊ ವಿದ್ಯಾರ್ಥಿಗಳ ಮೊದಲ ರಿಸೈಟಲ್‌ನಲ್ಲಿ (ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನುಡಿಸುವ ಕಾರ್ಯಕ್ರಮ) ಹತ್ತು ವರ್ಷದ ಹುಡುಗನೊಬ್ಬ ಅರ್ಧಕ್ಕೆ ನಿಂತುಬಿಟ್ಟ. ಮತ್ತೆ ಮೊದಲಿಂದ ಶುರು ಮಾಡಿದ. ಅದೇ ಜಾಗಕ್ಕೆ ಬಂದು ನಿಂತ. ಹೀಗೆ ನಾಲ್ಕು ಸಲ. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ, ಅಮ್ಮನ ಪಕ್ಕ ಹೋಗಿ ಕೂತ.

ಅವನು ಅಭ್ಯಾಸ ಮಾಡಿರಲಿಲ್ಲ ಅಂತಲ್ಲ. ಜಾಸ್ತಿಯೇ ಮಾಡಿದ್ದ. ಆದರೆ ಪ್ರತಿ ಸಲವೂ ಮೊದಲಿಂದ ಕೊನೆಯವರೆಗೆ. ಏಳೆಂಟ್ಲಿ ಎಷ್ಟು ಅಂತ ಕೇಳಿದರೆ ಏಳೊಂದ್ಲಿ ಏಳರಿಂದ ಮಗ್ಗಿ ಶುರು ಮಾಡುವ ಮಗು ಇರುತ್ತದಲ್ಲ, ಹಾಗೆ. ಅವನ ಕೈಗೆ ನಡುವಿನ ದಾರಿ ಗೊತ್ತಿರಲಿಲ್ಲ. ಅದನ್ನು ಕಲಿಸಬೇಕಿದ್ದವಳು ನಾನು.

ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಒಂದು ಆಟ ಇದೆ. ರಿಸೈಟಲ್‌ಗೆ ಎರಡು ತಿಂಗಳಿರುವಾಗ ಪ್ರತಿ ಮಗುವಿನ ಸ್ವರ ಬರೆದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ 1ರಿಂದ 5ರವರೆಗೆ ನಂಬರ್ ಬರೆಯುತ್ತೇನೆ. ಎಲ್ಲಿ ಹೊಸ ಸಾಲು ಉಸಿರು ತೆಗೆದುಕೊಳ್ಳುತ್ತದೋ ಅಲ್ಲಿ ಒಂದೊಂದು ನಂಬರ್. ಮಗು ನುಡಿಸುತ್ತಿರುವಾಗ ನಾನು ಸುಮ್ನೆ 'ಮೂರು!' ಅಂತ ಕೂಗುತ್ತೇನೆ. ಎಲ್ಲಿದ್ದರೂ ಬಿಟ್ಟು ಮೂರಕ್ಕೆ ಹಾರಬೇಕು. ಮೊದಲ ವಾರ ಅಳುಮುಖ. ಮೂರನೇ ವಾರಕ್ಕೆ ಅವರೇ 'ಮಿಸ್, ಐದು ಹೇಳಿ' ಅನ್ನುತ್ತಾರೆ. ವೇದಿಕೆಯ ಮೇಲೆ ಕೈ ತಪ್ಪಿದರೆ ನಿಯಮ ಒಂದೇ: ಹಿಂದಕ್ಕೆ ಹೋಗಬೇಡ, ಮುಂದಿನ ನಂಬರಿಗೆ ಹೋಗು. ಕೇಳುವವರಲ್ಲಿ ಬಹಳ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ.

ಹಾಳೆ ನೋಡಿಕೊಂಡು ನುಡಿಸಬಹುದಾ ಅಂತ ಅಪ್ಪ ಅಮ್ಮಂದಿರು ಹಿಂಜರಿಯುತ್ತಾ ಕೇಳುತ್ತಾರೆ. ಧಾರಾಳವಾಗಿ. ನೋಡದೆ ನುಡಿಸುವುದೇ ದೊಡ್ಡತನ ಅನ್ನುವುದು ಅಷ್ಟೇನೂ ಹಳೆಯ ಪದ್ಧತಿಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಪಿಯಾನೊ ವಾದಕಿ ಕ್ಲಾರಾ ಶೂಮನ್ ಹಾಳೆ ಇಲ್ಲದೆ ನುಡಿಸಿದಾಗ ಅದನ್ನು ಜಂಬ ಅಂದವರೂ ಇದ್ದರು. 'ರಿಸೈಟಲ್' ಅನ್ನುವ ಹೆಸರೂ ಅದೇ ಕಾಲದ್ದು. ಇಂಗ್ಲಿಷಿನಲ್ಲಿ 'ರಿಸೈಟ್' ಅಂದರೆ ಪಠಿಸು. ಹಂಗೇರಿಯ ಪಿಯಾನೊ ವಾದಕ ಫ್ರಾನ್ಜ್ ಲಿಸ್ಟ್ 1840ರಲ್ಲಿ ಲಂಡನ್ನಿನ ತನ್ನ ಸಂಗೀತ ಕಛೇರಿಗೆ ಆ ಪದ ಬಳಸಿದಾಗ, ಪಿಯಾನೊ ಮೇಲೆ ಪಠಣ ಮಾಡುವುದು ಹೇಗೆ ಅಂತ ಜನ ತಲೆ ಕೆರೆದುಕೊಂಡರಂತೆ.

ನಮ್ಮ ಬೆಂಗಳೂರಿನ ಪಾಲಕರಿಗೆ ಇನ್ನೊಂದು ಗೊಂದಲ. ಮನಸ್ಸಿನಲ್ಲಿ ಭರತನಾಟ್ಯದ ರಂಗಪ್ರವೇಶ ಕೂತಿರುತ್ತದೆ. ಅಲ್ಲಿ ವರ್ಷಗಟ್ಟಲೆ ಕಲಿತ ಒಬ್ಬಳೇ ಹುಡುಗಿ, ಆಹ್ವಾನ ಪತ್ರಿಕೆ, ಊಟ. ಇದು ಹಾಗಲ್ಲ. ಆರು ತಿಂಗಳು ಕಲಿತವರೂ ನುಡಿಸುತ್ತಾರೆ, ಆರು ವರ್ಷ ಕಲಿತವರೂ ನುಡಿಸುತ್ತಾರೆ, ಮುಂದಿನ ವರ್ಷ ಮತ್ತೆ ನುಡಿಸುತ್ತಾರೆ. 'ಇದೆಲ್ಲಾ ನಮ್ಮ ಸಂಗೀತ ಅಲ್ಲವಲ್ಲಮ್ಮಾ' ಅನ್ನುವ ತಾತಂದಿರಿಗೆ ನಾನು ಜಯಚಾಮರಾಜ ಒಡೆಯರ ಕಥೆ ಹೇಳುತ್ತೇನೆ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಆ ಮಹಾರಾಜರು ಪಿಯಾನೊ ಕಲಿತವರು. ತಾತ ಆಮೇಲೆ ಮುಂದಿನ ಸಾಲಿನಲ್ಲೇ ಕೂರುತ್ತಾರೆ.

ಈ ರಂಗಪ್ರವೇಶದ ಲೆಕ್ಕಾಚಾರದಿಂದಲೇ ಕೃತಿ ಆರಿಸುವಾಗ ಜಗಳ. ಸಾಧ್ಯವಾದಷ್ಟು ಕಷ್ಟದ್ದನ್ನೇ ನುಡಿಸಲಿ ಅಂತ ಮನೆಯವರ ಆಸೆ. ನಾನು ಒಪ್ಪುವುದಿಲ್ಲ. ಮಗು ಮೂರು ತಿಂಗಳ ಹಿಂದೆಯೇ ಕಲಿತು ಮುಗಿಸಿದ್ದನ್ನು ವೇದಿಕೆಗೆ, ಈಗ ಕಲಿಯುತ್ತಿರುವುದನ್ನು ಕ್ಲಾಸಿಗೆ. ಭಯದಲ್ಲಿ ಎಲ್ಲರ ಕೈಯೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆ ಮೆಟ್ಟಿಲಿಗೆ ಜಾಗ ಬಿಟ್ಟಿರಬೇಕು.

ಇನ್ನು ವಾದ್ಯ. ಪಿಟೀಲು ಕಲಿಯುವ ಮಗು ತನ್ನ ಪಿಟೀಲನ್ನೇ ತರುತ್ತದೆ. ಪಿಯಾನೊ ಮಗು ಬರಿಗೈಲಿ ಬಂದು ಯಾರದೋ ವಾದ್ಯದ ಮುಂದೆ ಕೂರಬೇಕು. ಪಾಪ ಅಲ್ವಾ? ನನ್ನ ಮಕ್ಕಳಲ್ಲಿ ಅರ್ಧ ಜನರ ಮನೆಯಲ್ಲಿರುವುದು 61 ಕೀಗಳ ಕೀಬೋರ್ಡ್. ಸಭಾಂಗಣದ ಗ್ರ್ಯಾಂಡ್ ಪಿಯಾನೊದಲ್ಲಿ 88. ಅಲ್ಲಿ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಬೇಕು. ಹಗುರ ಕೀಬೋರ್ಡಿಗೆ ಒಗ್ಗಿದ ಬೆರಳು ಮೆಲ್ಲಗೆ ಒತ್ತಿದರೆ ಸ್ವರವೇ ಹೊರಡುವುದಿಲ್ಲ. ಅದಕ್ಕೇ ರಿಸೈಟಲ್ಲಿನ ಹಿಂದಿನ ವಾರ ಮಕ್ಕಳ ಅಭ್ಯಾಸಕ್ಕೆ ಸಭಾಂಗಣವನ್ನು ಎರಡು ಗಂಟೆ ಬಾಡಿಗೆಗೆ ಹಿಡಿಯುತ್ತೇನೆ. ಸಭಾಂಗಣದ ಅಲಂಕಾರಕ್ಕೆ ಒಂದು ರೂಪಾಯಿಯೂ ಬೇಡ, ಈ ಎರಡು ಗಂಟೆಗೆ ಕೊಡಿ ಅಂತ ಪಾಲಕರನ್ನು ಕೇಳುತ್ತೇನೆ.

ಟ್ಯೂನಿಂಗ್, ಅಂದರೆ ಶ್ರುತಿ ಸರಿಮಾಡಿಸುವುದು, ರಿಸೈಟಲ್ ದಿನವೇ ಬೆಳಿಗ್ಗೆ. ಪಿಯಾನೊದೊಳಗೆ ಸುಮಾರು 230 ತಂತಿಗಳು, ಅವುಗಳ ಕೆಳಗೆ ದೊಡ್ಡ ಮರದ ಹಲಗೆ. ಮಳೆಗಾಲದ ತೇವಕ್ಕೆ ಹಲಗೆ ಉಬ್ಬುತ್ತದೆ, ಶ್ರುತಿ ಏರುತ್ತದೆ. ಹೊರಗಿನ ಸೆಕೆಯಲ್ಲಿ ಟ್ಯೂನ್ ಮಾಡಿಸಿ, ಜನ ಬಂದ ಮೇಲೆ ಎಸಿ ಹಾಕಿದರೆ ಮಾಡಿಸಿದ ಕೆಲಸ ಕೆಡಬಹುದು. ಎಸಿ ಮೊದಲು, ಟ್ಯೂನರ್ ಆಮೇಲೆ. ಅವರಿಗೆ ಒಂದೂವರೆ ಎರಡು ಗಂಟೆ ನಿಶ್ಶಬ್ದ ಬೇಕು. 'ಹಲೋ, ಮೈಕ್ ಟೆಸ್ಟಿಂಗ್' ಅನ್ನುವ ಹುಡುಗರನ್ನು ಅಷ್ಟು ಹೊತ್ತು ಕಾಫಿಗೆ ಕಳಿಸಿಬಿಡಿ.

ಬಟ್ಟೆಯ ವಿಷಯ ಚಿಕ್ಕದು, ಆದರೆ ಕಾಡುತ್ತದೆ. ರೇಷ್ಮೆ ಲಂಗ ಇರಲಿ, ಗಾಜಿನ ಬಳೆ ಬೇಡ. ಕೀ ಮೇಲೆ ಟಕ್ ಟಕ್ ಅನ್ನುತ್ತದೆ. ಹೊಸ ದಪ್ಪ ಶೂ ಹಾಕಿಕೊಂಡು ಬಂದರೆ ಪೆಡಲ್ ಕಾಲಿಗೆ ಸಿಗುವುದಿಲ್ಲ.

ಸಮಯದ ಲೆಕ್ಕ ಕೂಡ ಹಾಕಿಕೊಳ್ಳಿ. 22 ಮಕ್ಕಳು, ತಲಾ ಎರಡೂವರೆ ನಿಮಿಷ ನುಡಿಸಿದರೆ 55 ನಿಮಿಷ. ಆದರೆ ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ನಮಸ್ಕಾರ ಮಾಡಿ, ಬೆಂಚು ಸರಿಮಾಡಿಕೊಳ್ಳಲು ಒಂದೊಂದು ನಿಮಿಷ ಸೇರಿಸಿದರೆ 77. ಅದಕ್ಕಿಂತ ಉದ್ದವಾದರೆ ಚಿಕ್ಕವರು ನಿದ್ದೆ ಮಾಡುತ್ತಾರೆ, ದೊಡ್ಡವರು ಫೋನ್ ತೆಗೆಯುತ್ತಾರೆ. ಮುಖ್ಯ ಅತಿಥಿ, ಶಾಲು, ಭಾಷಣ ಯಾವುದೂ ನಮ್ಮಲ್ಲಿಲ್ಲ. ಇದರಿಂದ ಒಂದಿಬ್ಬರಿಗೆ ಬೇಸರವಾಗಿದೆ, ಆಗಲಿ.

ಬೆಂಚಿನ ಎತ್ತರ ಮಾತ್ರ ಮಕ್ಕಳ ಕೈಗೆ ಬಿಡುವ ಹಾಗಿಲ್ಲ. ಆರು ವರ್ಷದವಳು ಕೂತರೆ ಕಾಲು ಗಾಳಿಯಲ್ಲಿ ತೂಗುತ್ತದೆ, ಇಡೀ ಮೈ ಅಲುಗುತ್ತದೆ. ಅವಳ ಕಾಲ ಕೆಳಗೆ ಮಣೆ ಇಡಬೇಕು, ಮುಂದಿನವನಿಗೆ ಅದನ್ನು ತೆಗೆಯಬೇಕು. ಕಳೆದ ಕೆಲವು ವರ್ಷಗಳಿಂದ ಈ ಕೆಲಸವನ್ನು ಮಾಡುತ್ತಿರುವವನು ಆ ಮೊದಲ ರಿಸೈಟಲ್‌ನಲ್ಲಿ ನಿಂತುಹೋದ ಹುಡುಗ. ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಣೆ ಇಡಲು ಬಗ್ಗಿದಾಗ ಚಿಕ್ಕವರ ಕಿವಿಯಲ್ಲಿ ಏನೋ ಹೇಳುತ್ತಾನೆ. ಏನು ಅಂತ ಒಮ್ಮೆ ಕೇಳಿದೆ. 'ಏನಿಲ್ಲ ಮಿಸ್, ನಂಬರ್ ನೆನಪಿದೆಯಾ ಅಂತ ಕೇಳಿದೆ' ಅಂದ.