ಜಿಮ್ಖಾನಾಕ್ಕೆ ತಟ್ಟದ ನಿಷೇಧ

ಮುಂಬೈಯ ನಮ್ಮ ಹೋಟೆಲಿನವರು 2005ನ್ನು ಮರೆತಿಲ್ಲ. ಜುಲೈ 26ರ ಮಹಾಮಳೆ ಬಂದದ್ದೂ ಡಾನ್ಸ್ ಬಾರ್ ಬಂದ್ ಆದದ್ದೂ ಅದೇ ವರ್ಷ. ಚೆಂಬೂರಿನ ಒಂದು ಬಾರಿನಲ್ಲಿ ನನ್ನ ಸೋದರಮಾವ ಗಲ್ಲಾದಲ್ಲಿ ಕೂರುತ್ತಿದ್ದರು. ನಿಷೇಧ ಬಂದ ಮೇಲೆ ಹುಡುಗಿಯರು ಕುಣಿಯುತ್ತಿದ್ದ ಜಾಗಕ್ಕೆ ನಾಲ್ಕು ಟೇಬಲ್ ಬಿದ್ದವು. ಮೇಲಿನ ಬಣ್ಣದ ದೀಪಗಳನ್ನು ಯಾರೂ ಬಿಚ್ಚಲಿಲ್ಲ. "ಇಲ್ಲಿ ಕುಣಿದರೆ ತಪ್ಪು, ದೊಡ್ಡ ಹೋಟೆಲಲ್ಲಿ ಕುಣಿದರೆ ಸರಿಯಾ ಮಾರಾಯ?" ಎಂದು ಮಾವ ಕೇಳುತ್ತಿದ್ದರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಸಂವಿಧಾನದ 14ನೇ ವಿಧಿ ಕೇಳುವುದೂ ಇದನ್ನೇ.

ಬಾಂಬೆ ಪೊಲೀಸ್ ಕಾಯ್ದೆಗೆ ಮಹಾರಾಷ್ಟ್ರ ಸರ್ಕಾರ ಆಗ ಸೇರಿಸಿದ 33ಎ ಕಲಮು ಬಾರುಗಳಲ್ಲಿ ಕುಣಿತವನ್ನು ನಿಷೇಧಿಸಿತು. ಅದರ ಬೆನ್ನಿಗೇ ಬಂದ 33ಬಿ, ತ್ರಿತಾರಾ ಮತ್ತು ಅದಕ್ಕೂ ಮೇಲಿನ ಹೋಟೆಲು, ಸದಸ್ಯರಿಗಷ್ಟೇ ಪ್ರವೇಶವಿರುವ ಕ್ಲಬ್ಬು, ಜಿಮ್ಖಾನಾ ಎಂಬ ಕ್ರೀಡಾ ಕ್ಲಬ್ಬುಗಳಿಗೆ ವಿನಾಯಿತಿ ಕೊಟ್ಟಿತು.

ವಿನಾಯಿತಿ ಇದ್ದ ಮಾತ್ರಕ್ಕೆ ಕಾನೂನು ಬೀಳುವುದಿಲ್ಲ. ಅಂದಿನ ಬಾಂಬೆ ಪ್ರಾಂತದ ಪಾನನಿಷೇಧ ಕಾಯ್ದೆ ಸೇನೆಯ ಮೆಸ್ಸು, ಕ್ಯಾಂಟೀನುಗಳಿಗೆ ರಿಯಾಯಿತಿ ಕೊಟ್ಟಿದ್ದನ್ನು 1951ರ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿತ್ತು. ಮರುವರ್ಷದ ಅನ್ವರ್ ಅಲಿ ಸರ್ಕಾರ್ ತೀರ್ಪಿನಿಂದ ಇಂಥ ವಿನಾಯಿತಿ ಸರಿಯೇ ಎಂದು ಅಳೆಯುವ ಎರಡು ಪ್ರಶ್ನೆಗಳು ಗಟ್ಟಿಯಾದವು. ಬೇರೆ ಮಾಡಿದ ಎರಡು ಗುಂಪುಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಇದೆಯೇ? ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧ ಇದೆಯೇ? 1973ರಲ್ಲಿ ರಾಯಪ್ಪ ಪ್ರಕರಣ ಇನ್ನೊಂದನ್ನು ಸೇರಿಸಿತು: ಸರ್ಕಾರ ಮನಸ್ಸಿಗೆ ಬಂದಂತೆ ನಡೆದರೆ ಅದೂ ಸಮಾನತೆಗೆ ವಿರುದ್ಧವೇ.

ಡಾನ್ಸ್ ಬಾರ್ ಕಾನೂನು ಎಡವಿದ್ದು ಎರಡನೆಯ ಪ್ರಶ್ನೆಯಲ್ಲಿ. ಹೆಣ್ಣಿನ ಘನತೆ ಕಾಯುವುದು ಉದ್ದೇಶವೆಂದು ಸರ್ಕಾರ ಹೇಳಿತು. ಆ ಘನತೆಗೂ ಹೋಟೆಲಿನ ನಕ್ಷತ್ರಗಳಿಗೂ ಏನು ಸಂಬಂಧ? ಬಾಂಬೆ ಹೈಕೋರ್ಟ್ 2006ರಲ್ಲಿ ನಿಷೇಧ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯುವಾಗ 2013ರ ಜುಲೈ ಬಂದಿತ್ತು. ನೋಡುವವನು ಯಾವ ವರ್ಗದವನು ಎಂಬುದರ ಮೇಲೆ ಅವನ ಸಭ್ಯತೆಯನ್ನು ಊಹಿಸಲು ನಮ್ಮ ಮನಸ್ಸಾಕ್ಷಿ ಒಪ್ಪದು ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ನಾನು ಮತ್ತೆ ಮತ್ತೆ ಓದಿದ ಸಾಲು ಅದು. 75,000ಕ್ಕೂ ಹೆಚ್ಚು ಹೆಂಗಸರು ಕೆಲಸ ಕಳೆದುಕೊಂಡ ಸಂಗತಿಯನ್ನೂ ಕೋರ್ಟು ಗಮನಿಸಿತು.

2014ರಲ್ಲಿ ಸರ್ಕಾರ ವಿನಾಯಿತಿಯನ್ನೇ ತೆಗೆದು ಎಲ್ಲರಿಗೂ ನಿಷೇಧ ಹಾಕಿತು. ಅದಕ್ಕೂ ತಡೆ ಸಿಕ್ಕಿದಾಗ 2016ರಲ್ಲಿ ಹೊಸ ಕಾಯ್ದೆ ತಂದು ಷರತ್ತುಗಳ ಬೇಲಿ ಕಟ್ಟಿತು. ಶಾಲೆ, ದೇವಾಲಯಗಳಿಂದ ಒಂದು ಕಿಲೋಮೀಟರ್ ದೂರ ಇರಬೇಕು ಎಂಬುದು ಒಂದು ಷರತ್ತು. ಮುಂಬೈಯಲ್ಲಿ ಅಂಥ ಜಾಗ ಎಲ್ಲಿದೆ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೂ, ಸಿಸಿಟಿವಿ ಕಡ್ಡಾಯವನ್ನೂ ಹೊಡೆದುಹಾಕಿತು. ಕುಣಿತ ರಾತ್ರಿ ಹನ್ನೊಂದೂವರೆಗೆ ಮುಗಿಯಬೇಕೆಂಬ ಗಡುವನ್ನು ಉಳಿಸಿತು.

ಆ ಸುದ್ದಿ ಹೇಳಲು ಊರಿಗೆ ಫೋನ್ ಮಾಡಿದೆ. ಮಾವ ಮುಂಬೈ ಬಿಟ್ಟು ಆಗಲೇ ಆರು ವರ್ಷ. "ಆ ಹುಡುಗಿಯರಿಗೆ ಗೊತ್ತಾಗಿರಬಹುದಾ?" ಎಂದರು. ಅವರಲ್ಲಿ ಒಬ್ಬರ ನಂಬರೂ ಮಾವನ ಹತ್ತಿರ ಉಳಿದಿರಲಿಲ್ಲ.