ಎನ್‌ಎಫ್‌ಟಿ ಮಿಂಟ್ ಮಾಡಿದಾಗ ಚೈನ್ ಮೇಲೆ ಬೀಳುವುದೇನು? – ಒಂದು ಅಧ್ಯಯನ ಟಿಪ್ಪಣಿ

ಬ್ಲಾಕ್‌ಚೈನ್ (ಚುಟುಕಾಗಿ ಚೈನ್) ಎಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಇಡುವ ದಾಖಲೆ ಪುಸ್ತಕ. ಒಂದು ಡಿಜಿಟಲ್ ವಸ್ತು ಯಾರದ್ದೆಂದು ಅದರಲ್ಲಿ ಗುರುತಿಸುವ ವಿಶಿಷ್ಟ ಟೋಕನ್ ಎನ್‌ಎಫ್‌ಟಿ; ಅದನ್ನು ಹೊಸದಾಗಿ ಮಾಡುವುದೇ ಮಿಂಟ್. ಓಪನ್‌ಸೀ ಥರದ ಎನ್‌ಎಫ್‌ಟಿ ಮಾರಾಟ ತಾಣದಲ್ಲಿ ವಾಲೆಟ್ (ಟೋಕನ್‌ಗಳ ಕೀಲಿ ಹಿಡಿದಿಡುವ ಆ್ಯಪ್) ಜೋಡಿಸಿ, ಚಿತ್ರ ಏರಿಸಿ, ಹೆಸರು ಕೊಟ್ಟು ಗುಂಡಿ ಒತ್ತಿದರೆ ಎನ್‌ಎಫ್‌ಟಿ ಸಿದ್ಧ. ಗುಂಡಿಗಳ ಜಾಗ ಆಗಾಗ ಬದಲಾಗುತ್ತದೆ, ಅದನ್ನು ಬಾಯಿಪಾಠ ಮಾಡುವುದು ಬೇಡ. ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಯಾವ ತಾಣದಲ್ಲಾದರೂ ಕೆಲಸ ಮಾಡಬಹುದು.

ಕಲಿಯುವವರೆಲ್ಲ ಮೊದಲು ಎಡವುವುದು ಒಂದೇ ಕಡೆ. ಮಿಂಟ್ ಮಾಡಿದರೆ ಚಿತ್ರವೇ ಬ್ಲಾಕ್‌ಚೈನ್‌ಗೆ ಹೋಗಿ ಕೂರುತ್ತದೆ ಅಂದುಕೊಳ್ಳುತ್ತೇವೆ. ಬಹುಪಾಲು ಎನ್‌ಎಫ್‌ಟಿಗಳಲ್ಲಿ ಹಾಗಾಗುವುದಿಲ್ಲ. ಪಹಣಿ ನೆನಪಿಸಿಕೊಳ್ಳಿ: ಸರ್ವೆ ನಂಬರ್ ಇರುತ್ತದೆ, ಮಾಲೀಕರ ಹೆಸರಿರುತ್ತದೆ, ಆದರೆ ಹೊಲ ಆ ಕಾಗದದೊಳಗಿಲ್ಲ. ಮಿಂಟ್ ಮಾಡುವುದೆಂದರೆ ಚೈನ್ ಮೇಲಿನ ಒಂದು ಕಾಂಟ್ರ್ಯಾಕ್ಟ್‌ನಲ್ಲಿ (ಚೈನ್ ಮೇಲೆ ಓಡುವ ಪ್ರೋಗ್ರಾಂ) 'ಈ ಟೋಕನ್ ಸಂಖ್ಯೆ, ಈ ವಾಲೆಟ್ ವಿಳಾಸಕ್ಕೆ ಸೇರಿದ್ದು' ಎಂದು ಹೊಸ ಸಾಲು ಬರೆಸುವುದು. ಅಂಥ ಕಾಂಟ್ರ್ಯಾಕ್ಟ್ ಯಾವ ಪ್ರಶ್ನೆ, ಆದೇಶಗಳಿಗೆ ಹೇಗೆ ಉತ್ತರಿಸಬೇಕು ಎಂಬ ಕರಾರೇ ಇಆರ್‌ಸಿ-721. ಎಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ 2018ರಲ್ಲಿ ಮಂಡನೆಯಾದ ಮಾನದಂಡ ಅದು. ಪಹಣಿಯಲ್ಲಿ ತಪ್ಪಾದರೆ ತಹಶೀಲ್ದಾರರ ಬಳಿ ಅರ್ಜಿ ಹಾಕಬಹುದು. ಇಲ್ಲಿ ಅಂಥ ಕಚೇರಿಯೇ ಇಲ್ಲ.

ಚಿತ್ರವನ್ನೇ ಯಾಕೆ ಬರೆಯುವುದಿಲ್ಲ? ಲೆಕ್ಕ ಹಾಕಿ ನೋಡಿ. ಎಥೀರಿಯಂ ಕಾಂಟ್ರ್ಯಾಕ್ಟ್‌ನ ಸಂಗ್ರಹದಲ್ಲಿ ಹೊಸದಾಗಿ 32 ಬೈಟ್ ಬರೆಯಲು ಸುಮಾರು 20,000 ಗ್ಯಾಸ್ ಬೇಕು. ಗ್ಯಾಸ್ ಎಂದರೆ ಚೈನ್ ಮೇಲೆ ಮಾಡಿಸುವ ಕೆಲಸದ ಅಳತೆ; ಅದಕ್ಕೆ ದುಡ್ಡು ಕೊಡಬೇಕು. 1 ಎಂಬಿ ಚಿತ್ರವೆಂದರೆ ಅಂಥ 32,768 ತುಂಡು, ಅಂದರೆ 65 ಕೋಟಿಗೂ ಹೆಚ್ಚು ಗ್ಯಾಸ್. ಸಾಮಾನ್ಯ ಮಿಂಟ್‌ಗೆ ಲಕ್ಷದ ಆಸುಪಾಸು ಗ್ಯಾಸ್ ಸಾಕು. ಅದರ ಬೆಲೆಯನ್ನೂ ಇಲ್ಲೇ ತೆಗೆಯೋಣ: 1,50,000 ಗ್ಯಾಸ್ ಖರ್ಚಾಗಿ, ಆ ಹೊತ್ತಿನ ದರ ಒಂದು ಗ್ಯಾಸ್‌ಗೆ 20 ಗ್ವೇ ಇದ್ದರೆ ಒಟ್ಟು 30 ಲಕ್ಷ ಗ್ವೇ. ಎಥೀರಿಯಂನ ನಾಣ್ಯ ಈಥರ್; ಒಂದು ಈಥರ್‌ಗೆ 100 ಕೋಟಿ ಗ್ವೇ. ಹಾಗಾಗಿ ಶುಲ್ಕ 0.003 ಈಥರ್. ದಟ್ಟಣೆ ಹೆಚ್ಚಿದಂತೆ ದರ ಏರುತ್ತದೆ. ವ್ಯವಹಾರ ಅರ್ಧಕ್ಕೆ ವಿಫಲವಾದರೂ ಅಲ್ಲಿಯವರೆಗೆ ಉರಿದ ಗ್ಯಾಸ್ ವಾಪಸ್ ಬರುವುದಿಲ್ಲ. ಪಾಲಿಗಾನ್‌ನಂಥ ಜಾಲಗಳಲ್ಲಿ ಇದೇ ಕೆಲಸ ಬಹಳ ಅಗ್ಗ.

ಸರಿ, ಚಿತ್ರ ಚೈನ್ ಮೇಲಿಲ್ಲ, ಹಾಗಾದರೆ ಎಲ್ಲಿದೆ? ಈ ಇಡೀ ವಿಷಯದ ತಿರುಳು ಇದೇ, ಇಲ್ಲಿ ಸ್ವಲ್ಪ ನಿಲ್ಲಿ.

ಕಾಂಟ್ರ್ಯಾಕ್ಟ್‌ನಲ್ಲಿ ಸಾಮಾನ್ಯವಾಗಿ ಟೋಕನ್‌ಯುಆರ್‌ಐ ಎಂಬ ಫಂಕ್ಷನ್ ಇರುತ್ತದೆ. ಟೋಕನ್ ಸಂಖ್ಯೆ ಕೊಟ್ಟರೆ ಅದು ಒಂದು ವಿಳಾಸ ಹೇಳುತ್ತದೆ. ಆ ವಿಳಾಸದಲ್ಲಿ ಪುಟ್ಟದೊಂದು ಜೇಸನ್ ಕಡತ: ಹೆಸರು, ವಿವರಣೆ, ಮತ್ತು ಚಿತ್ರದ ವಿಳಾಸ. ಅಂದರೆ ಚಿತ್ರ ತಲುಪಲು ಎರಡು ಬಾಗಿಲು ದಾಟಬೇಕು. ಎರಡರಲ್ಲಿ ಯಾವುದು ಮುಚ್ಚಿದರೂ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಸಂಖ್ಯೆ.

ವಿಳಾಸ ಯಾರದೋ ಸರ್ವರ್‌ನದ್ದಾದರೆ ಆ ಸರ್ವರ್ ಇಟ್ಟವರು ಚಿತ್ರವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ತಾವೇ ಅಂಥದ್ದೊಂದು ಎನ್‌ಎಫ್‌ಟಿ ಮಾಡಿ, 2022ರ ಜನವರಿಯಲ್ಲಿ ಅದರ ಬಗ್ಗೆ ಬರೆದರು. ಅದು ಓಪನ್‌ಸೀಯಲ್ಲಿ ಒಂದು ಚಿತ್ರ ತೋರಿಸುತ್ತಿತ್ತು, ಅಂಥದ್ದೇ ತಾಣವಾದ ರ‍್ಯಾರಿಬಲ್‌ನಲ್ಲಿ ಇನ್ನೊಂದು, ಕೊಂಡವರ ವಾಲೆಟ್‌ನಲ್ಲಿ ಮತ್ತೊಂದು. ಓಪನ್‌ಸೀ ಅದನ್ನು ತೆಗೆದುಹಾಕಿದಾಗ ಮಾರ್ಲಿನ್‌ಸ್ಪೈಕ್ ಅವರ ವಾಲೆಟ್‌ನಲ್ಲೂ ಕಾಣದಾಯಿತು. ಚೈನ್ ಮೇಲಿನ ಸಾಲು ಮಾತ್ರ ಹಾಗೇ ಇತ್ತು. ವಾಲೆಟ್ ಪಟ್ಟಿ ತರುತ್ತಿದ್ದದ್ದು ಓಪನ್‌ಸೀಯಿಂದ! ಈ ಪ್ರಯೋಗದಿಂದ ನಾನು ಕಲಿತಷ್ಟು ಯಾವ ಮಾರ್ಗದರ್ಶಿಯಿಂದಲೂ ಕಲಿಯಲಿಲ್ಲ.

ಐಪಿಎಫ್‌ಎಸ್ (ಹಲವು ಯಂತ್ರಗಳು ಸೇರಿ ಕಡತ ಹಂಚಿಕೊಳ್ಳುವ ಜಾಲ) ಹುಟ್ಟಿದ್ದು ಎನ್‌ಎಫ್‌ಟಿಗಾಗಿ ಅಲ್ಲ, ಆದರೆ ಈ ತೊಂದರೆಗೆ ಚೆನ್ನಾಗಿ ಒದಗುತ್ತದೆ. ಅಲ್ಲಿ ವಿಳಾಸ ಹುಟ್ಟುವುದೇ ಕಡತದ ಒಳಗಿನ ದತ್ತಾಂಶದಿಂದ. ಒಂದು ಪಿಕ್ಸೆಲ್ ಬದಲಾದರೂ ವಿಳಾಸವೇ ಬೇರೆಯಾಗುತ್ತದೆ, ಆದ್ದರಿಂದ ಗುಟ್ಟಾಗಿ ಚಿತ್ರ ಬದಲಿಸಲು ಬರುವುದಿಲ್ಲ. ಆದರೆ ಒಂದು ಕೊರತೆಯಿದೆ. ಕಡತವನ್ನು ಯಾರಾದರೂ ತಮ್ಮ ಯಂತ್ರದಲ್ಲಿ ಹಿಡಿದಿಟ್ಟುಕೊಂಡಿರಬೇಕು, ಅದಕ್ಕೆ ಪಿನ್ ಮಾಡುವುದು ಅನ್ನುತ್ತಾರೆ. ಎಲ್ಲರೂ ಕೈಬಿಟ್ಟರೆ ವಿಳಾಸ ಸರಿಯಿದ್ದೂ ಕಡತ ಸಿಗದು. ಮೂಲ ಕಡತದ ಪ್ರತಿ ನಿಮ್ಮ ಬಳಿ ಇದ್ದರೆ ಅದೇ ರೀತಿಯಲ್ಲಿ ಮತ್ತೆ ಏರಿಸಿ ಪಿನ್ ಮಾಡಬಹುದು; ವಿಳಾಸ ಅದೇ ಬರುತ್ತದೆ.

'ಉಚಿತ ಮಿಂಟ್' ಎಂದು ತಾಣ ಹೇಳಿದರೆ ಅದು ಲೇಜಿ ಮಿಂಟಿಂಗ್ ಇರಬಹುದು. ಆಗ ನೀವು ಮಾಡಿದ್ದು ಸಹಿ ಮಾತ್ರ, ಚೈನ್ ಮೇಲೆ ಇನ್ನೂ ಏನೂ ಬಿದ್ದಿಲ್ಲ. ಕೊಳ್ಳುವವರು ಬಂದಾಗ ಸಾಲು ಮೂಡುತ್ತದೆ, ಗ್ಯಾಸ್ ಅವರದ್ದು. ಮೊದಲ ಪ್ರಯೋಗಕ್ಕೆ ಇದು ಒಳ್ಳೆಯ ದಾರಿಯೇ.

ವಾಲೆಟ್ ಬಗ್ಗೆ ಎರಡು ಮಾತು. ಮೆಟಾಮಾಸ್ಕ್ ಎಂಬ ವಾಲೆಟ್ ಕೊಡುವ 12 ಪದಗಳನ್ನು (ವಾಲೆಟ್ ತೆರೆಯುವ ಮೂಲ ಕೀಲಿ) ಕಾಗದದಲ್ಲಿ ಬರೆದಿಡಿ, ಫೋಟೊ ತೆಗೆಯಬೇಡಿ, ಯಾರು ಕೇಳಿದರೂ ಹೇಳಬೇಡಿ. ಇನ್ನೊಂದು ಅಪಾಯ ಕಡಿಮೆ ಜನಕ್ಕೆ ಗೊತ್ತು: ಮಾರಾಟಕ್ಕಿಡುವಾಗ ತಾಣ 'ಸೆಟ್ ಅಪ್ರೂವಲ್ ಫಾರ್ ಆಲ್' ಅನುಮತಿ ಕೇಳುತ್ತದೆ. ಅಂದರೆ ಆ ಸಂಗ್ರಹದಲ್ಲಿ ನಿಮ್ಮ ಹೆಸರಲ್ಲಿರುವ ಎಲ್ಲ ಟೋಕನ್‌ಗಳನ್ನೂ ಸಾಗಿಸುವ ಅಧಿಕಾರ. ನಂಬಿಕೆಯ ತಾಣಕ್ಕೂ ಅದು ಬೇಕು, ಮೋಸದ ತಾಣ ಕೇಳುವುದೂ ಅದನ್ನೇ. ಆ ಹೆಸರು ತೆರೆಯ ಮೇಲೆ ಕಂಡಾಗಲೆಲ್ಲ ಕೈ ತಡೆದು, ತಾಣದ ವಿಳಾಸ ಓದಿ.

ರಾಯಲ್ಟಿ (ಮರುಮಾರಾಟದಲ್ಲಿ ಕಲಾವಿದರಿಗೆ ಸಲ್ಲುವ ಪಾಲು) ತಾನಾಗಿ ಬರುತ್ತದೆಂದು ನಂಬಬೇಡಿ. ಇಐಪಿ-2981 ಮಾನದಂಡ 'ಇಷ್ಟು ಪಾಲು, ಇವರಿಗೆ' ಎಂದು ತಿಳಿಸುತ್ತದೆ, ಕೊಡಲು ಒತ್ತಾಯಿಸುವುದಿಲ್ಲ. ರಾಯಲ್ಟಿಯ ಕಡ್ಡಾಯ ಜಾರಿಯನ್ನು ನಿಲ್ಲಿಸುವುದಾಗಿ ಓಪನ್‌ಸೀ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಟೋಕನ್ ಮಾರಿದರೆ ಹಕ್ಕುಸ್ವಾಮ್ಯವೂ ಹೋಗುತ್ತದೆ ಅನ್ನುವುದೂ ಸರಿಯಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕು. ತೆರಿಗೆಯಲ್ಲಿ ಎನ್‌ಎಫ್‌ಟಿಯನ್ನು ವರ್ಚುವಲ್ ಡಿಜಿಟಲ್ ಆಸ್ತಿಯೆಂದು 2022ರಲ್ಲಿ ಸೇರಿಸಿ, ವರ್ಗಾವಣೆಯ ಆದಾಯಕ್ಕೆ 30% ದರ ಇಟ್ಟರು.

ಇನ್ನು ಅಭ್ಯಾಸ. ನಿಮಗಿಷ್ಟವಾದ ಯಾವುದಾದರೂ ಎಥೀರಿಯಂ ಎನ್‌ಎಫ್‌ಟಿಯ ಕಾಂಟ್ರ್ಯಾಕ್ಟ್ ವಿಳಾಸವನ್ನು, ಆ ಚೈನ್‌ನ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ತಾಣದಲ್ಲಿ ತೆರೆಯಿರಿ. 'ರೀಡ್ ಕಾಂಟ್ರ್ಯಾಕ್ಟ್' ಭಾಗದಲ್ಲಿ ಟೋಕನ್‌ಯುಆರ್‌ಐಗೆ ಸಂಖ್ಯೆ ಕೊಡಿ. ಇದಕ್ಕೆ ವಾಲೆಟ್ ಬೇಡ, ದುಡ್ಡೂ ಬೇಡ. ಬಂದ ಉತ್ತರ ಐಪಿಎಫ್‌ಎಸ್ ಎಂದು ಶುರುವಾಗುತ್ತದೋ, ಮಾಮೂಲಿ ಜಾಲತಾಣದ ವಿಳಾಸವೋ ನೋಡಿ. ಆಮೇಲೆ ಜೇಸನ್ ತೆರೆದು ಚಿತ್ರದ ವಿಳಾಸಕ್ಕೂ ಅದೇ ಪ್ರಶ್ನೆ ಕೇಳಿ.