ಸಿಂಕ್ ಲೈಸೆನ್ಸ್: ಹಳೇ ಟಿವಿ ಶೋಗಳು ಮತ್ತೆ ಬರದೇ ಇರೋದು ಯಾಕೆ?

ಅಮೆರಿಕದ ಹಳೇ ಟಿವಿ ಶೋಗಳ ವಿಷಯ ಬಂದಾಗ "ಹಾಡಿನ ಹಕ್ಕು ಸಿಗಲಿಲ್ಲ, ಅದಕ್ಕೇ ಡಿವಿಡಿ ಬರಲಿಲ್ಲ" ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಶೋ ಅದನ್ನು ತಯಾರಿಸಿದ ಕಂಪನಿಯದ್ದೇ, ಟೇಪುಗಳೂ ಆ ಕಂಪನಿಯ ಹತ್ತಿರವೇ ಇವೆ. ಆದ್ರೂ ಮಾರುವ ಹಾಗಿಲ್ಲ.

ದೃಶ್ಯಕ್ಕೆ ಹಾಡು ಜೋಡಿಸಲು ಪಡೆಯುವ ಅನುಮತಿಯೇ ಸಿಂಕ್ ಲೈಸೆನ್ಸ್. ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಇಟ್ಟುಕೊಂಡಿರುವ ಪಬ್ಲಿಷರ್ ಇದನ್ನು ಕೊಡಬೇಕು. ಅಷ್ಟಕ್ಕೇ ಮುಗಿಯಲ್ಲ. ಮೂಲ ಗಾಯಕರ ರೆಕಾರ್ಡನ್ನೇ ಹಾಕಬೇಕು ಅಂದ್ರೆ ಮಾಸ್ಟರ್ ಲೈಸೆನ್ಸ್ ಅಂತ ಇನ್ನೊಂದು ಬೇಕು, ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ. ಮೂವರು ಸೇರಿ ಬರೆದ ಹಾಡಾದರೆ ಪಬ್ಲಿಷರ್‌ಗಳೂ ಮೂವರಿರಬಹುದು, ಎಲ್ಲರೂ ಹೂಂ ಅನ್ನಬೇಕು. ಒಬ್ಬರಿಗೆ ಜಾಸ್ತಿ ಕೊಟ್ಟರೆ ಉಳಿದವರಿಗೂ ಅಷ್ಟೇ ಕೊಡಬೇಕು ಅನ್ನೋ ಷರತ್ತೂ ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ.

ಮೊದಲ ಪ್ರಸಾರದ ಹೊತ್ತಿಗೆ ಅನುಮತಿ ಪಡೆದೇ ಇದ್ದರಲ್ವಾ? ಪಡೆದಿದ್ದರು, ಆದರೆ ಟಿವಿಗೆ ಮಾತ್ರ, ಇಷ್ಟು ವರ್ಷಕ್ಕೆ ಮಾತ್ರ. ಇಡೀ ಸೀಸನ್ನನ್ನು ಜನ ಮನೆಗೆ ಕೊಂಡೊಯ್ದು ನೋಡುತ್ತಾರೆ ಅಂತ 70ರ ದಶಕದಲ್ಲಿ ಯಾರು ಅಂದುಕೊಂಡಿದ್ದರು? ಎಲ್ಲ ಮಾಧ್ಯಮಕ್ಕೂ ಶಾಶ್ವತವಾಗಿ ಹಕ್ಕು ಕೊಳ್ಳೋದು ದುಬಾರಿ ಬೇರೆ. ಹಾಡು ಬಾಡಿಗೆಗೆ ಬಂದಿತ್ತು, ಅವಧಿ ಮುಗಿಯಿತು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ'. 1978ರಿಂದ 1982ರವರೆಗೆ ಸಿಬಿಎಸ್ ಚಾನೆಲ್‌ನಲ್ಲಿ ಬಂದ ಹಾಸ್ಯ ಶೋ. ಕಥೆ ನಡೆಯೋದೇ ಒಂದು ರಾಕ್ ರೇಡಿಯೋ ಸ್ಟೇಷನ್ನಿನಲ್ಲಿ, ಹಾಗಾಗಿ ಅಸಲಿ ಹಾಡುಗಳು ಬೇಕೇ ಬೇಕು. ವಿಡಿಯೋ ಟೇಪಿನಲ್ಲಿ ತೆಗೆದ ಶೋಗಳಿಗೆ ಆಗ ಹಾಡಿನ ಶುಲ್ಕ ಕಡಿಮೆ ಇತ್ತು ಅಂತ ಫಿಲ್ಮ್ ಬಿಟ್ಟು ಟೇಪಿನಲ್ಲೇ ಚಿತ್ರೀಕರಿಸಿದರು. ಆವತ್ತಿಗೆ ಜಾಣ ಲೆಕ್ಕಾಚಾರ. ಆದರೆ 2007ರಲ್ಲಿ ಮೊದಲ ಸೀಸನ್ನಿನ ಡಿವಿಡಿ ಬಂದಾಗ ಎಷ್ಟೋ ಹಾಡುಗಳು ಮಾಯವಾಗಿ, ಆ ಜಾಗದಲ್ಲಿ ಹೆಸರಿಲ್ಲದ ಯಾವುದೋ ಸಂಗೀತ ಬಂದು ಕೂತಿತ್ತು. ಬಹುಪಾಲು ಮೂಲ ಹಾಡುಗಳೊಂದಿಗೆ ಇಡೀ ಶೋ ಸಿಕ್ಕಿದ್ದು 2014ರಲ್ಲಿ, ಶೌಟ್ ಫ್ಯಾಕ್ಟರಿ ಅನ್ನೋ ಡಿವಿಡಿ ಕಂಪನಿಯಿಂದ.

ಹಾಡು ಬದಲಿಸಿದ್ರೆ ಏನು ಮಹಾ ಅನ್ನಬೇಡಿ. ಅದೇ ಶೋನಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಹಾಡೊಂದು ಓಡುತ್ತಿರುತ್ತದೆ, ಒಳಗೆ ಬಂದ ಮ್ಯಾನೇಜರ್ ಇದರಲ್ಲಿ ನಾಯಿ ಬೊಗಳುತ್ತಿದೆಯಾ ಅಂತ ಕೇಳುತ್ತಾನೆ. ಹಾಡು ತೆಗೆದರೆ ತಮಾಷೆಯೂ ಹೋಯಿತು. ಹಳೇ ಶೋಗಳಲ್ಲಿ ಮಾತು ಮತ್ತು ಸಂಗೀತ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದರೆ ಇನ್ನೂ ಕಷ್ಟ, ಹಾಡಿನ ಜೊತೆ ನಟರ ಮಾತೂ ಹೋಗುತ್ತದೆ, ಆಗ ಬೇರೆಯವರಿಂದ ಡಬ್ ಮಾಡಿಸಬೇಕು.

'ಡಾರಿಯಾ' ಇನ್ನೊಂದು. ಎಂಟಿವಿಯ ಈ ಕಾರ್ಟೂನ್ 2002ಕ್ಕೆ ಮುಗಿಯಿತು, ಡಿವಿಡಿ ಬಂದಿದ್ದು 2010ರಲ್ಲಿ, ಅದೂ ಹೆಚ್ಚುಕಡಿಮೆ ಎಲ್ಲ ಹಾಡು ಬದಲಿಸಿ. ಹಾಗೆ ಮಾಡದಿದ್ದರೆ ಖರ್ಚಿನ ಲೆಕ್ಕದಲ್ಲಿ ಬಿಡುಗಡೆಯೇ ಆಗುತ್ತಿರಲಿಲ್ಲ ಅಂತ ಶೋ ರೂಪಿಸಿದವರಲ್ಲಿ ಒಬ್ಬರಾದ ಗ್ಲೆನ್ ಐಕ್ಲರ್ ಡಿವಿಡಿಯಲ್ಲೇ ಹೇಳಿಕೊಂಡಿದ್ದಾರೆ. ನನಗಂತೂ ಇದು ಸರಿ ಅನ್ನಿಸುತ್ತದೆ. ಬದಲಿಸೋದು ಅನಿವಾರ್ಯ ಇರಬಹುದು, ಬದಲಿಸಿದ್ದನ್ನು ಸುಮ್ನೆ ಮುಚ್ಚಿಡೋದು ಮಾತ್ರ ತಪ್ಪು.

ಎರಡು ಲೈಸೆನ್ಸುಗಳ ವ್ಯತ್ಯಾಸ ಚೆನ್ನಾಗಿ ಕಾಣೋದು 'ಡಾಸನ್ಸ್ ಕ್ರೀಕ್' ಅನ್ನೋ ಟಿವಿ ಶೋನಲ್ಲಿ. ಪಾಲಾ ಕೋಲ್ ಹಾಡಿದ್ದ ಅದರ ಶೀರ್ಷಿಕೆ ಗೀತೆ ಸ್ಟ್ರೀಮಿಂಗ್‌ನಲ್ಲಿ ವರ್ಷಗಟ್ಟಲೆ ಇರಲಿಲ್ಲ, ಬೇರೆ ಹಾಡು ಬರುತ್ತಿತ್ತು. ಹಳೇ ರೆಕಾರ್ಡಿಂಗಿನ ಮಾಸ್ಟರ್, ಅಂದ್ರೆ ಮೂಲ ರೆಕಾರ್ಡು, ಇದ್ದದ್ದು ರೆಕಾರ್ಡ್ ಕಂಪನಿಯ ಬಳಿ. ಹಾಡು ಬರೆದವರೂ ಪಾಲಾ ಅವರೇ, ಹಾಗಾಗಿ ಅದನ್ನೇ ಮತ್ತೊಮ್ಮೆ ಹಾಡಿ ಹೊಸ ಮಾಸ್ಟರ್ ಮಾಡಿಕೊಂಡರು. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಆ ಹೊಸ ರೆಕಾರ್ಡಿಂಗ್ ಬಂತು.

ಹಳೇ ಶೋ ಕೊಳ್ಳುವ ಮುಂಚೆ ಡಿವಿಡಿ ಪೆಟ್ಟಿಗೆಯ ಹಿಂಭಾಗ ನೋಡಿ. ಈ ಆವೃತ್ತಿಯಲ್ಲಿ ಕೆಲವು ಹಾಡು ಬದಲಾಗಿರಬಹುದು ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದ್ದರೂ ಇರಬಹುದು. ಸ್ಟ್ರೀಮಿಂಗ್‌ನಲ್ಲಿ ಎಷ್ಟೋ ಸಲ ಅಷ್ಟೂ ಇರಲ್ಲ.